ಕೊಂಬುಗಳ ನಡುವಿನ ನಕ್ಷತ್ರ

ಮೊಲದ ಕಥೆಪುಸ್ತಕದಲ್ಲಿ ಬಿದಿಗೆ ಚಂದ್ರನ ಕೊಂಬುಗಳ ನಡುವೆ ನಕ್ಷತ್ರ ಬರೆದಿದ್ದಾರೆ, ಅಲ್ಲಿ ನಕ್ಷತ್ರ ಕಾಣಲಾರದು, ಹಾಗಿದ್ದೂ ಆರು ವರ್ಷದ ಮಗಳಿಗೆ ಇದನ್ನು ಓದಿ ಹೇಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಓದಿ. ಮೊದಲ ಸಲ ಮಾತ್ರ ನಡುವೆ ಪಾಠ ತುರುಕಬೇಡಿ. ಮೊಲ ಮನೆ ಸೇರುವವರೆಗೆ ಮಗುವಿಗೆ ಬೇರೇನೂ ಬೇಕಿಲ್ಲ. ಎರಡನೆಯ ಓದಿನಲ್ಲಿ ಆ ಪುಟ ಬಂದಾಗ, "ಚಂದ್ರನ ಉಳಿದ ಭಾಗ ಎಲ್ಲಿ ಹೋಯಿತು?" ಎಂದು ಕೇಳಿ ಸುಮ್ಮನಿರಿ. ಆಮೇಲೆ ಕೋಣೆ ಕತ್ತಲು ಮಾಡಿ, ಚೆಂಡಿಗೆ ಪಕ್ಕದಿಂದ ಟಾರ್ಚ್ ಬೆಳಕು ಬಿಡಿ. ಬೆಳಕು ಬೀಳದ ಭಾಗವನ್ನು ಅವಳೇ ಬೆರಳಿನಿಂದ ಮುಟ್ಟಿ ನೋಡಲಿ. ಕೊಂಬುಗಳ ನಡುವೆ ಇರುವುದೂ ಚಂದ್ರನ ಕತ್ತಲ ಭಾಗವೇ, ನಕ್ಷತ್ರ ಚಂದ್ರನಿಗಿಂತ ಎಷ್ಟೋ ದೂರ, ಅವನ ಹಿಂದೆ ಮರೆಯಾಗುತ್ತದೆ ಎಂದು ಆಗ ಹೇಳಿದರೆ ಸಾಕು. ಇಂಥ ತಪ್ಪು ಚಿತ್ರಗಳು ನನಗೆ ಬಹಳ ಇಷ್ಟ, ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಅಮಾವಾಸ್ಯೆ ಕಳೆದು ಎರಡು ಮೂರು ದಿನಕ್ಕೆ ಸಂಜೆ ಆಕಾಶ ತೋರಿಸಿ: ಭೂಮಿಯಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಚಂದ್ರನ ಕತ್ತಲ ಭಾಗವೂ ಬೂದುಬಣ್ಣದಲ್ಲಿ ಮಸುಕಾಗಿ ಕಾಣುತ್ತದೆ.