ಥರ್ಮಕೋಲ್ ಗೇಟ್ ಮಾಡಿಸುತ್ತಿರುವ ಚಿತ್ರದುರ್ಗದ ಮೇಡಂಗೆ

ಮೇಡಂ, ನಿಮ್ಮ ಫೋಟೋ ನೋಡಿದೆ. ಏಳನೇ ಕ್ಲಾಸಿನ ಮಕ್ಕಳು ಜರ್ಮನ್ ಪ್ರಾಜೆಕ್ಟ್‌ಗೆ ಥರ್ಮಕೋಲಿನಲ್ಲಿ ಬರ್ಲಿನ್ನಿನ ಬ್ರಾಂಡೆನ್‌ಬುರ್ಗ್ ಗೇಟ್ ಮಾಡುತ್ತಿದ್ದಾರೆ. ಮೇಲಿನ ನಾಲ್ಕು ಕುದುರೆ ಯಾವ ಅಂಟಿಗೆ ನಿಲ್ಲುತ್ತವೆ ಅಂತ ಕೇಳಿದ್ದೀರಿ. ಬಿಳಿ ಫೆವಿಕಾಲ್ ಸಾಕು, ಒಂದು ರಾತ್ರಿ ಒಣಗಲು ಬಿಡಿ. ಫೆವಿಕ್ವಿಕ್ ಹಾಕಲೇಬೇಡಿ, ಥರ್ಮಕೋಲನ್ನೇ ತಿಂದುಹಾಕುತ್ತದೆ. ಸ್ಪ್ರೇ ಪೇಂಟೂ ಅಷ್ಟೇ.

ಅಂಟಿನ ವಿಷಯ ಮುಗಿಯಿತು. ಆದರೆ ಫೋಟೋ ನೋಡಿ ನನಗೆ ಸುಮ್ಮನಿರಲು ಆಗಲಿಲ್ಲ. ಆರು ವರ್ಷದ ಹಿಂದೆ ದಾವಣಗೆರೆಯಲ್ಲಿ ನಾನೂ ಇದೇ ಗೇಟ್ ಮಾಡಿಸಿದ್ದೆ. ಮನೆಪಾಠಕ್ಕೆ ಬರುತ್ತಿದ್ದ ಹನ್ನೊಂದು ಮಕ್ಕಳು, ಐದು ವಾರ. 12 ಕಂಬ ಎಣಿಸಿ ನಿಲ್ಲಿಸಿದೆವು, ನಡುವೆ ಐದು ದಾರಿ ಬಿಟ್ಟೆವು. ಪಕ್ಕದಲ್ಲಿ ಚಾರ್ಟ್. ಬರ್ಲಿನ್ ಗೋಡೆ ಎದ್ದದ್ದು 1961ರ ಆಗಸ್ಟ್ 13, ಬಿದ್ದದ್ದು 1989ರ ನವೆಂಬರ್ 9, ಎರಡೂ ಜರ್ಮನಿ ಒಂದಾದದ್ದು 1990ರ ಅಕ್ಟೋಬರ್ 3. ಎಲ್ಲ ಸರಿಯಾಗಿಯೇ ಇತ್ತು. ಬಾವುಟ ಮಾತ್ರ ಕಪ್ಪು, ಹಳದಿ, ಕೆಂಪು ಅಂತ ಉದ್ದುದ್ದ ಪಟ್ಟೆ ಬಳಿದು ಬೆಲ್ಜಿಯಂ ಬಾವುಟ ಆಗಿಬಿಟ್ಟಿತ್ತು. ನಿಮ್ಮ ಫೋಟೋದಲ್ಲೂ ಎಡಗಡೆಯ ಬಾವುಟ ಹಾಗೇ ಇದೆ, ಇವತ್ತೇ ಸರಿ ಮಾಡಿಸಿ. ಪಟ್ಟೆ ಅಡ್ಡ ಬರಬೇಕು. ಮೇಲೆ ಕಪ್ಪು, ನಡುವೆ ಕೆಂಪು, ಕೆಳಗೆ ಬಂಗಾರದ ಬಣ್ಣ.

ಪ್ರದರ್ಶನದ ದಿನ ಒಬ್ಬ ಹುಡುಗನ ಸೋದರಮಾವ ಬಂದಿದ್ದರು. ಜರ್ಮನಿಯಲ್ಲಿ ಕೆಲಸದಲ್ಲಿದ್ದವರು, ರಜೆಗೆ ಊರಿಗೆ ಬಂದಿದ್ದರು. ಗೇಟ್ ನೋಡಿ ತುಂಬ ಖುಷಿಪಟ್ಟು "ವೇರ್ ಹಾಟ್ ದಾಸ್ ಗೆಮಾಖ್ಟ್?" ಅಂದರು. ಇದನ್ನು ಮಾಡಿದ್ದು ಯಾರು ಅಂತ, ಅಷ್ಟೇ. ಹನ್ನೊಂದು ಮಕ್ಕಳೂ ತಿರುಗಿ ನನ್ನ ಮುಖ ನೋಡಿದರು. "ವೀರ್", ನಾವು, ಅನ್ನುವ ಒಂದೇ ಪದ ಸಾಕಿತ್ತು. ಯಾರ ಬಾಯಿಂದಲೂ ಬರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತಪ್ಪು ಮಕ್ಕಳದ್ದಲ್ಲ. ಐದು ವಾರ ಅವರು ಆಡಿದ್ದೆಲ್ಲ "ಕತ್ತರಿ ಕೊಡೋ", "ಅಂಟು ಎಲ್ಲಿಟ್ಟೆ", "ಇದು ಸೊಟ್ಟ ಆಯ್ತು". ಅದೆಲ್ಲ ಕನ್ನಡದಲ್ಲೇ ನಡೆಯಿತು. ಜರ್ಮನ್‌ಗೆ ಅಲ್ಲಿ ಕೆಲಸವೇ ಇರಲಿಲ್ಲ. ಈಗ ಯಾವ ಪ್ರಾಜೆಕ್ಟ್ ಶುರು ಮಾಡುವ ಮುಂಚೆಯೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮಗು ಜರ್ಮನ್ ಮಾತಾಡದಿದ್ದರೆ ಈ ಕೆಲಸ ನಿಲ್ಲುತ್ತದಾ? ನಿಲ್ಲುವುದಿಲ್ಲ ಅಂತಾದರೆ ಅದು ಕ್ರಾಫ್ಟ್ ಕ್ಲಾಸು.

ನನಗೆ ಕೈಹಿಡಿದದ್ದು ಹೋಟೆಲ್ ಪ್ರಾಜೆಕ್ಟ್. ಮೂರು ವಾರ, ವಾರಕ್ಕೆ ಎರಡು ಕ್ಲಾಸು. ಮಕ್ಕಳು ನಮ್ಮೂರಿನ ಬೆಣ್ಣೆದೋಸೆ ಹೋಟೆಲನ್ನು ಜರ್ಮನಿಯಲ್ಲಿ ತೆರೆಯುತ್ತಾರೆ. ಮೊದಲ ವಾರ ಶ್ಪೈಸೆಕಾರ್ಟೆ, ಅಂದರೆ ಮೆನು. ಇಲ್ಲೇ ಜಗಳ ಶುರುವಾಗುತ್ತದೆ, ಆಗಲೇಬೇಕು. ಜರ್ಮನ್‌ನಲ್ಲಿ ನಾಮಪದದ ಮುಂದೆ ಅದರ ಲಿಂಗ ನೋಡಿ ಡೇರ್, ಡೀ ಅಥವಾ ದಾಸ್ ಅನ್ನುವ ಆರ್ಟಿಕಲ್ ಬರುತ್ತದೆ. ದೋಸೆಗೆ ಯಾವ ಆರ್ಟಿಕಲ್? ಡೀ ಪಿಟ್ಸಾ ಇದೆಯಲ್ಲ, ಹಾಗಾದರೆ ಡೀ ಡೋಸಾ ಅಂತ ಒಂದು ಗುಂಪು. ದಾಸ್ ಸೋಫಾ ಕೂಡ ಇದೆಯಲ್ಲ ಅಂತ ಇನ್ನೊಂದು ಗುಂಪು. ಅರ್ಧ ಗಂಟೆ ವಾದ ಮಾಡಿದರು. ಆ ಅರ್ಧ ಗಂಟೆಯಲ್ಲಿ ಕಲಿತದ್ದು ಆರ್ಟಿಕಲ್ ಪಟ್ಟಿ ಬಾಯಿಪಾಠ ಮಾಡಿದ್ದಕ್ಕಿಂತ ಜಾಸ್ತಿ. ನಮ್ಮ ಮಕ್ಕಳಿಗೆ ಮೂರು ಲಿಂಗ ಹೊಸದಲ್ಲ. ಆದರೆ ಕನ್ನಡದಲ್ಲಿ ಲಿಂಗ ಅರ್ಥ ನೋಡಿಕೊಂಡು ಬರುತ್ತದೆ, ಜರ್ಮನ್‌ನಲ್ಲಿ ಹಾಗಲ್ಲ. ಚಮಚ ಡೇರ್, ಫೋರ್ಕ್ ಡೀ, ಚಾಕು ದಾಸ್. ಒಂದೇ ತಟ್ಟೆಯ ಪಕ್ಕ ಮೂರೂ ಇಟ್ಟು ತೋರಿಸಿ, ಮರೆಯುವುದಿಲ್ಲ.

ಎರಡನೇ ವಾರ ಕಾರ್ಡ್. ಇದೇ ಜೀವಾಳ, ದಯವಿಟ್ಟು ಬಿಡಬೇಡಿ. ಗಿರಾಕಿಯ ಕಾರ್ಡಿನಲ್ಲಿ ತಿಂಡಿಯ ಹೆಸರು ಇರುತ್ತದೆ, ಬೆಲೆ ಇರುವುದಿಲ್ಲ. ಸಪ್ಲೈಯರ್ ಕಾರ್ಡಿನಲ್ಲಿ ಬೆಲೆ ಇರುತ್ತದೆ, ಜೊತೆಗೆ ಎರಡು ತಿಂಡಿ ಖಾಲಿ ಆಗಿವೆ ಅಂತ ಬರೆದಿರುತ್ತದೆ. ಒಬ್ಬರ ಕಾರ್ಡ್ ಇನ್ನೊಬ್ಬರು ನೋಡುವಂತಿಲ್ಲ. ಕೇಳದೆ ಬೇರೆ ದಾರಿಯೇ ಇಲ್ಲ. ಇಬ್ಬರಿಗೂ ಒಂದೇ ಸಂಭಾಷಣೆ ಬರೆದುಕೊಟ್ಟರೆ ಅದು ನಾಟಕ ಆಗುತ್ತದೆ, ಮಾತುಕತೆ ಆಗುವುದಿಲ್ಲ. ಒಂದು ವರ್ಷ ಆ ತಪ್ಪನ್ನೂ ಮಾಡಿದ್ದೇನೆ.

ಬೆಲೆ ಬರೆಸುವಾಗ ಜೋಪಾನ. ಅಲ್ಲಿ 3,50 ಅಂದರೆ ಮೂರೂವರೆ ಯೂರೋ. ಪಾಯಿಂಟ್ ಜಾಗದಲ್ಲಿ ಕಾಮಾ ಬರುತ್ತದೆ. ಇಪ್ಪತ್ನಾಲ್ಕಕ್ಕೆ ಅವರು "ನಾಲ್ಕು ಮತ್ತು ಇಪ್ಪತ್ತು" ಅನ್ನುತ್ತಾರೆ, ಫಿಯರ್‌ಉಂಟ್‌ತ್ಸ್ವಾನ್‌ತ್ಸಿಶ್. ಮಕ್ಕಳು ಕೇಳಿಸಿಕೊಂಡ ಕ್ರಮದಲ್ಲೇ 42 ಬರೆದುಬಿಡುತ್ತಾರೆ. ಬಿಲ್ ತಪ್ಪಾದರೆ ನೀವು ತಿದ್ದಬೇಡಿ, ಗಿರಾಕಿ ಮಗುವೇ ಜರ್ಮನ್‌ನಲ್ಲಿ ತಕರಾರು ಮಾಡಲಿ.

ಸಂಸ್ಕೃತಿ ಅಂತ ಬೇರೆ ಚಾರ್ಟ್ ಬೇಕಾಗಿಲ್ಲ, ಎಲ್ಲ ಈ ಟೇಬಲ್ ಮೇಲೇ ಸಿಗುತ್ತದೆ. ನಮ್ಮ ಹೋಟೆಲಲ್ಲಿ ಕೂತ ತಕ್ಷಣ ನೀರು ಬರುತ್ತದೆ. ಅಲ್ಲಿ ನೀರು ಕೇಳಿದರೆ ಸಾಮಾನ್ಯವಾಗಿ ಬಾಟಲ್ ನೀರು ಬರುತ್ತದೆ, ಬಿಲ್ ಆಗುತ್ತದೆ. ಗ್ಯಾಸ್ ಇಲ್ಲದ್ದು ಬೇಕಾದರೆ "ಶ್ಟಿಲ್" ಅಂತ ಹೇಳಬೇಕು. ಕೊನೆಗೆ ಸಪ್ಲೈಯರ್ "ತ್ಸುಸಾಮೆನ್ ಓಡರ್ ಗೆಟ್ರೆಂಟ್?" ಅಂತ ಕೇಳುತ್ತಾನೆ, ಒಟ್ಟಿಗೋ ಬೇರೆಬೇರೆಯೋ ಅಂತ. ನಾನು ಕೊಡ್ತೀನಿ ಅಂತ ಬಿಲ್ಲಿಗೆ ಕೈಕೈ ಮಿಲಾಯಿಸುವುದನ್ನು ನೋಡಿದ ನಮ್ಮೂರ ಮಕ್ಕಳಿಗೆ ಈ ಪ್ರಶ್ನೆಯೇ ಆಶ್ಚರ್ಯ. ಅದರ ಮೇಲೆ ಹತ್ತು ನಿಮಿಷ ಕನ್ನಡದಲ್ಲೇ ಮಾತಾಡಲು ಬಿಡಿ, ತಪ್ಪೇನಿಲ್ಲ. ತಯಾರಿಗೆ ಕನ್ನಡ, ಅಂಗಡಿ ತೆರೆದ ಮೇಲೆ ಜರ್ಮನ್, ಇದೇ ನಮ್ಮ ನಿಯಮ.

ಅನುವಾದದ ಆ್ಯಪಿಗೆ ಇಂಗ್ಲಿಷ್ ವಾಕ್ಯ ಹಾಕಿ ಜರ್ಮನ್ ತೆಗೆಯುವುದನ್ನು ಮಾತ್ರ ನಿಲ್ಲಿಸಿ. ಇಂಗ್ಲಿಷಿನ "ಯೂ" ಒಂದೇ. ಕನ್ನಡಕ್ಕೆ ನೀನು, ನೀವು ಎರಡೂ ಇವೆ, ಜರ್ಮನ್‌ಗೂ ಡು, ಜೀ ಎರಡೂ ಇವೆ. ಕೈಯಲ್ಲಿರುವ ದಾರಿ ಬಿಟ್ಟು ಸುತ್ತಿ ಯಾಕೆ ಹೋಗಬೇಕು? ಒಂದು ಎಚ್ಚರಿಕೆ: ಅಲ್ಲಿ ಅಜ್ಜ ಅಜ್ಜಿಗೂ ಡು. ನಮ್ಮ ಮಕ್ಕಳು ಗೌರವ ಅಂತ ಅಜ್ಜಿಗೆ ಜೀ ಹಾಕುತ್ತಾರೆ, ಅದು ತಪ್ಪು. ಟೀಚರ್‌ಗೆ, ಗುರುತಿಲ್ಲದ ದೊಡ್ಡವರಿಗೆ ಜೀ. ಹಾಗೇ "ವೈಲ್" (ಯಾಕೆಂದರೆ) ಬಂದರೆ ಕ್ರಿಯಾಪದ ಕೊನೆಗೆ ಹೋಗುವುದನ್ನೂ ಕನ್ನಡ ತೋರಿಸಿಯೇ ಹೇಳಿ. ನಮ್ಮ ಕ್ರಿಯಾಪದ ಯಾವಾಗಲೂ ಕೊನೆಗೇ ಅಲ್ವಾ? ಭಾಷೆ ಕಲಿಸುವ ಡುಯೋಲಿಂಗೋ ಆ್ಯಪ್ ಪದ ನೆನಪಿಗೆ ಪರವಾಗಿಲ್ಲ. ಆದರೆ ಅದರಲ್ಲಿ ಒಂದು ದಿನವೂ ಬಿಡದೆ ನೂರು ದಿನದ ಸ್ಟ್ರೀಕ್ ಇರುವ ಹುಡುಗಿ ನನ್ನ ಹತ್ತಿರ ಬಂದು ಒಂದು ಕಾಫಿ ಕೇಳಲು ಒದ್ದಾಡಿದ್ದಾಳೆ. ಬಾಯಿ ಬೇರೆ, ಬೆರಳು ಬೇರೆ.

ಮೂರನೇ ವಾರ ಅಡುಗೆ ಮಾಡಿಸುವುದಾದರೆ ಕಾರ್ಟಾಫೆಲ್‌ಪುಫರ್ ಒಳ್ಳೆಯದು. ಆಲೂಗಡ್ಡೆ ತುರಿದು ಹೆಂಚಿನ ಮೇಲೆ ಹಾಕುವುದು, ಸೇಬಿನ ಗೊಜ್ಜಿನ ಜೊತೆ ತಿನ್ನುತ್ತಾರೆ. ಅಲ್ಲಿ ಮೊಟ್ಟೆ ಸೇರಿಸುತ್ತಾರೆ. ನಾನು ಹಾಕುವುದಿಲ್ಲ, ತುರಿಯನ್ನು ಚೆನ್ನಾಗಿ ಹಿಂಡಿ ಸ್ವಲ್ಪ ಮೈದಾ ಹಾಕಿದರೆ ನಿಲ್ಲುತ್ತದೆ. ಹಾರಿಬೋ ಗಮ್ಮಿ ಮಿಠಾಯಿ ಹಂಚುವ ಮುಂಚೆ ಪ್ಯಾಕೆಟ್ ಓದಿ, ಹೆಚ್ಚಿನವುಗಳಲ್ಲಿ ಪ್ರಾಣಿಯಿಂದ ತೆಗೆದ ಜೆಲಟಿನ್ ಇರುತ್ತದೆ. ಒಮ್ಮೆ ಓದದೆ ಹಂಚಿ ಮೂರು ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. ಬ್ರೇಟ್ಸೆಲ್, ಅಂದರೆ ಗಂಟು ಹಾಕಿದ ಆಕಾರದ ಬ್ರೆಡ್, ಮಾಡುವ ಆಸೆ ಇದ್ದರೂ ವೀಡಿಯೋ ನೋಡಿ ಅದನ್ನು ಅದ್ದಲು ಕಾಸ್ಟಿಕ್ ಸೋಡಾ ನೀರು ಮಾಡಬೇಡಿ. ಮಕ್ಕಳಿರುವ ಜಾಗದಲ್ಲಿ ಅದು ಬೇಡವೇ ಬೇಡ. ಅಡುಗೆ ಸೋಡಾದಲ್ಲಿ ಬಣ್ಣ ಸ್ವಲ್ಪ ಕಮ್ಮಿ ಬರುತ್ತದೆ, ಬರಲಿ.

ನವೆಂಬರ್‌ನಲ್ಲಿ ಸಮಯ ಇದ್ದರೆ ಲಾಟೀನು ಮಾಡಿಸಿ. ನವೆಂಬರ್ 11 ಸಂತ ಮಾರ್ಟಿನ್ ದಿನ. ಅಲ್ಲಿನ ಮಕ್ಕಳು ತಾವೇ ಮಾಡಿದ ಕಾಗದದ ಲಾಟೀನು ಹಿಡಿದು ಸಂಜೆ ಮೆರವಣಿಗೆ ಹೋಗುತ್ತಾರೆ. ನಮ್ಮ ಆಕಾಶಬುಟ್ಟಿ ಮಾಡುವ ಕೈಗೆ ಅದು ಸಲೀಸು. ಮೇಣದಬತ್ತಿ ಬೇಡ, ಸಣ್ಣ ಎಲ್‌ಇಡಿ ಹಾಕಿ. ದೊಡ್ಡ ಮಕ್ಕಳಿದ್ದರೆ ಕಿಟೆಲ್ ಅವರ ನಿಘಂಟು ಕೊಡಿ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿ ಇಲ್ಲಿಗೆ ಬಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದವರು. ಮಕ್ಕಳು ತಮ್ಮ ಅಜ್ಜಿಯ ಬಾಯಲ್ಲಿನ ಹಳೇ ಪದ ಹತ್ತು ತಂದು ಅದರಲ್ಲಿ ಹುಡುಕಲಿ, ಸಿಕ್ಕ ಪದಕ್ಕೆ ಜರ್ಮನ್ ಅರ್ಥ ತಾವೇ ಬರೆಯಲಿ.

ನಿಮ್ಮ ಗೇಟ್ ಎಸೆಯಬೇಡಿ, ಮಕ್ಕಳ ಶ್ರಮ ಅದು. ಚಾರ್ಟ್ ತೆಗೆದುಬಿಡಿ. ಗೇಟನ್ನು ನಡುವೆ ಇಟ್ಟು ಸುತ್ತ ಸೀಮೆಸುಣ್ಣದಲ್ಲಿ ಬೀದಿ ಬರೆಯಿರಿ. ಒಬ್ಬರಿಗೆ ಕಣ್ಣು ಕಟ್ಟಿ, ಇನ್ನೊಬ್ಬರು ಲಿಂಕ್ಸ್ (ಎಡಕ್ಕೆ), ರೆಶ್ಟ್ಸ್ (ಬಲಕ್ಕೆ), ಗೆರಾಡೆಆಉಸ್ (ನೇರ) ಅಂತ ಹೇಳಿಕೊಂಡು ಗೇಟಿನವರೆಗೆ ಕರೆತರಲಿ. ತಪ್ಪು ಹೇಳಿದರೆ ಕಂಬ ಬೀಳುತ್ತದೆ, ಹಾಗಾಗಿ ಸರಿಯಾಗಿಯೇ ಹೇಳುತ್ತಾರೆ. ಟಿಕೆಟ್ ಕೌಂಟರ್ ಮಾತ್ರ ಇಡಬೇಡಿ, ನಿಜವಾದ ಗೇಟಿಗೆ ಟಿಕೆಟ್ ಇಲ್ಲ.

ಹೋಟೆಲ್ ಕಾರ್ಡುಗಳ ಫೋಟೋ ನಾಳೆ ಇಲ್ಲೇ ಹಾಕುತ್ತೇನೆ. ನಿಮ್ಮಲ್ಲಿ ಎಷ್ಟು ಮಕ್ಕಳಿದ್ದಾರೆ ಹೇಳಿ. ಬೆಸ ಸಂಖ್ಯೆ ಇದ್ದರೆ ಮೂರು ಜನ ಕೂರುವ ಟೇಬಲ್‌ನ ಕಾರ್ಡ್ ಬೇರೆ ಇದೆ, ಅದನ್ನೂ ಕಳಿಸುತ್ತೇನೆ.