ಆ ರೂಮಿನ ಬಾತ್‌ರೂಮಿಗೆ ಬಾಗಿಲಿದೆಯಾ?

ಮದುವೆಗೆ ಮುಂಚೆ ಆಪ್ತಸಲಹೆಗೆ ಬರುವ ಜೋಡಿಗಳು ಹನಿಮೂನ್ ಪ್ಲಾನಿನ ಮೇಲೆ ಜಗಳವಾಡಿಕೊಂಡು ಬರುವುದು ಈಚೆಗೆ ಮಾಮೂಲಾಗಿದೆ. ಛತ್ರ, ಒಡವೆ, ಊಟದ ಮೆನು ಎಲ್ಲವನ್ನೂ ಹಿರಿಯರು ನೋಡಿಕೊಳ್ಳುತ್ತಾರೆ. ಹುಡುಗ ಹುಡುಗಿ ಇಬ್ಬರೇ ಕೂತು ಹಾಕುವ ಮೊದಲ ಲೆಕ್ಕ ಈ ಟ್ರಿಪ್ಪಿನದು. ದುಡ್ಡು, ದೇಹ, ನಿದ್ದೆ, ಎರಡು ಮನೆಯವರ ಮರ್ಜಿ ಎಲ್ಲ ಅದೊಂದೇ ಹಾಳೆಯಲ್ಲಿ ಬಂದು ಕೂರುತ್ತವೆ. ಕೆಳಗಿನ ಪ್ರಕರಣದಲ್ಲಿ ಹೆಸರು, ಊರು, ಉದ್ಯೋಗ ಯಾವುದೂ ಇಲ್ಲ. ಗುರುತು ಹತ್ತದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವನಿಗೆ ಮೂವತ್ತೊಂದು, ಅವಳಿಗೆ ಇಪ್ಪತ್ತೇಳು. ಹಿರಿಯರು ನೋಡಿ ಮಾಡಿದ ಸಂಬಂಧ. ನಿಶ್ಚಿತಾರ್ಥವಾಗಿ ಎರಡು ತಿಂಗಳು, ಮದುವೆಗೆ ಇನ್ನು ಹತ್ತು ವಾರ. ಫೋನಿನಲ್ಲಿ ದಿನಾ ಮಾತು. ಇಬ್ಬರೇ ಒಂದು ಕೋಣೆಯಲ್ಲಿ ಕೂತಿದ್ದು ಲೆಕ್ಕ ಹಾಕಿದರೆ ಒಂದು ದಿನವೂ ಆಗದು. ಟ್ರಿಪ್ಪಿನ ಮಾತು ಬಂದಾಗಲೆಲ್ಲ ಅವಳು ‘ನಿಮ್ಮಿಷ್ಟ’ ಅನ್ನುತ್ತಾಳೆ, ಆಮೇಲೆ ಎರಡು ದಿನ ಫೋನ್ ಎತ್ತುವುದಿಲ್ಲ. ಇದು ಅವನ ದೂರು. ಅವಳದ್ದು ದೂರೇ ಇಲ್ಲ.

ಅವನು ತಂದಿದ್ದ ಎಕ್ಸೆಲ್ ಹಾಳೆ ಅಚ್ಚುಕಟ್ಟಾಗಿತ್ತು. ಭಾನುವಾರ ಮದುವೆ, ಸೋಮವಾರ ಸತ್ಯನಾರಾಯಣ ಪೂಜೆ, ಮಂಗಳವಾರ ಆರತಕ್ಷತೆ, ಬುಧವಾರ ರಾತ್ರಿ ವಿಮಾನ. ಮೇ ಮೊದಲ ವಾರ. ಪ್ಯಾರಿಸ್ ಮೂರು ರಾತ್ರಿ, ಆಮ್‌ಸ್ಟರ್‌ಡ್ಯಾಮ್ ಎರಡು, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಎರಡು, ವೆನಿಸ್ ಒಂದು, ರೋಮ್ ಎರಡು. ಹತ್ತು ರಾತ್ರಿಗೆ ಐದು ಹೋಟೆಲ್. ಖರ್ಚು ಹುಡುಗಿಯ ತಂದೆಯದು. ‘ಅಷ್ಟು ಕೊಡ್ತಿದ್ದಾರೆ, ಸುಮ್ನೆ ಎರಡು ಊರು ನೋಡಿ ಬಂದ್ರೆ ಏನಂದ್ಕೊತಾರೆ’ ಎಂದ. ಆ ಮಾತನ್ನು ಬದಿಯಲ್ಲಿ ಬರೆದಿಟ್ಟುಕೊಂಡೆ.

ಮೊದಲ ಸೆಷನ್ನಿನಲ್ಲಿ ಏನೂ ಹೊರಡಲಿಲ್ಲ. ಎರಡನೆಯದರಲ್ಲಿ ಊರುಗಳ ಮಾತು ಬಿಟ್ಟು, ಬುಕ್ ಮಾಡಬೇಕೆಂದಿರುವ ಹೋಟೆಲುಗಳ ಫೋಟೋ ತೋರಿಸಿ ಎಂದೆ. ಪ್ಯಾರಿಸ್ಸಿನ ರೂಮು ತೆಗೆದ. ಹದಿಮೂರು ಚದರ ಮೀಟರ್, ನಮ್ಮ ಲೆಕ್ಕದಲ್ಲಿ ನೂರಾ ನಲವತ್ತು ಚದರಡಿ. ಅಲ್ಲಿನ ನಡುದರ್ಜೆಯ ಹೋಟೆಲುಗಳಲ್ಲಿ ಇದು ಸಾಮಾನ್ಯ ಅಳತೆ. ಮಂಚದ ತಲೆದಿಂಬಿನ ಬದಿಗೆ ಒಂದು ಗಾಜಿನ ಗೋಡೆ, ಆಚೆ ಶವರ್ ಮತ್ತು ಕಮೋಡ್. ‘ಹನಿಮೂನ್ ಸ್ಪೆಷಲ್ ಅಂತ ಹಾಕಿದ್ರು ಮೇಡಂ’ ಎಂದು ಸ್ವಲ್ಪ ನಾಚಿಕೊಂಡೇ ಹೇಳಿದ.

ಅವಳು ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡು ಬೆರಳಿಂದ ಚಿತ್ರ ದೊಡ್ಡದು ಮಾಡಿ ನೋಡಿದಳು. ಆಮೇಲೆ ಅವನನ್ನಲ್ಲ, ನನ್ನನ್ನು ಕೇಳಿದಳು: ‘ಮೇಡಂ, ಆ ರೂಮಿನ ಬಾತ್‌ರೂಮಿಗೆ ಬಾಗಿಲಿದೆಯಾ?’

ಅವನು ನಕ್ಕ. ಅವಳು ನಗಲಿಲ್ಲ. ‘ನಿಮಗೆ ಬಾಗಿಲು ಕಾಣಿಸುತ್ತಿದೆಯಾ’ ಎಂದು ನಾನು ಅವನನ್ನೇ ಕೇಳಿದೆ. ಅವನೂ ಚಿತ್ರ ದೊಡ್ಡದು ಮಾಡಿದ. ಬಾಗಿಲಿರಲಿಲ್ಲ. ಗಾಜಿನ ತುದಿಯಲ್ಲಿ ಒಂದು ಸಂದು, ಅಷ್ಟೆ. ‘ಇಲ್ಲ’ ಎಂದ, ಈ ಸಲ ನಗದೆ.

ಆಮೇಲೆ ಅವಳು ಒಂದೇ ಸಮನೆ ಮಾತಾಡಿದಳು. ಹಾಸ್ಟೆಲಿನಲ್ಲಿದ್ದಾಗಲೂ ಎಲ್ಲರೂ ಏಳುವ ಮೊದಲೇ ಎದ್ದು ಮುಗಿಸಿಕೊಳ್ಳುತ್ತಿದ್ದದ್ದು; ಅಕ್ಕನಿಗೆ ಹನಿಮೂನಿನಲ್ಲಿ ಐದು ದಿನ ಹೊಟ್ಟೆ ಕಟ್ಟಿ, ಕೊನೆಗೆ ಡಾಕ್ಟರ ಹತ್ತಿರ ಹೋಗಿದ್ದು; ದಿನಾ ಬೆಳಗ್ಗೆ ಏಳಕ್ಕೆ ರೈಲು ಎಂದರೆ ತನ್ನದೆಲ್ಲ ಎಷ್ಟು ಹೊತ್ತಿಗೆ ಎಂಬ ಹೆದರಿಕೆ; ಮುಟ್ಟಿನ ದಿನ ಆ ಹತ್ತು ದಿನದೊಳಗೇ ಬರುತ್ತದೆ, ಅದನ್ನು ಯಾರಿಗೆ ಹೇಳುವುದು. ‘ನಿಮ್ಮ ಹಾಳೇಲಿ ಅದಕ್ಕೊಂದು ಕಾಲಂ ಇರಲಿಲ್ಲ’ ಎಂದಳು. ಅವನ ಮುಖ ನೋಡಿ ಹೇಳಿದ ಮೊದಲ ವಾಕ್ಯ ಅದು. ಅವನು ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ‘ಬಾಗಿಲು’ ಎಂದು ಬರೆದುಕೊಂಡ. ಎಕ್ಸೆಲ್ ಹಾಳೆ ಹಾಕುವವರು ಕ್ಷಮೆ ಕೇಳುವ ರೀತಿ ಒಂದೊಂದು ಸಲ ಹೀಗಿರುತ್ತದೆ.

ನಮ್ಮ ವೃತ್ತಿಯವರು ಕೆಲವರು ಇಲ್ಲಿ ತಕರಾರು ತೆಗೆಯುತ್ತಾರೆ. ಆಪ್ತಸಲಹೆಗಾರರು ಕೇಳಿಸಿಕೊಳ್ಳಬೇಕು, ಟ್ರಾವೆಲ್ ಏಜೆಂಟರ ಕೆಲಸ ಮಾಡಬಾರದು ಎನ್ನುತ್ತಾರೆ. ಸಾಮಾನ್ಯವಾಗಿ ನಾನೂ ಒಪ್ಪುತ್ತೇನೆ. ಆದರೆ ಈ ಹುಡುಗಿಯ ಕಷ್ಟದಲ್ಲಿ ಅರ್ಧ ಮನಸ್ಸಿನದು, ಅರ್ಧ ಬರೀ ಮಾಹಿತಿಯದು. ಬಾಗಿಲಿರುವ ರೂಮು ಹುಡುಕಬಹುದು ಎಂದು ಗೊತ್ತಿಲ್ಲದವಳಿಗೆ ‘ನಿಮ್ಮ ಭಾವನೆ ಹೇಳಿಕೊಳ್ಳಿ’ ಎಂದು ಮೂರು ಸೆಷನ್ ತಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಸಲಹೆ ಕೊಟ್ಟೆ, ನೇರವಾಗಿಯೇ ಕೊಟ್ಟೆ.

ಮೊದಲನೆಯದು, ಮದುವೆಯ ಬೆನ್ನಿಗೇ ಹೊರಡಬೇಡಿ. ಜೂನ್ ಎರಡನೇ ವಾರಕ್ಕೆ ತಳ್ಳಿ. ಮೂರು ದಿನ ನಿದ್ದೆಗೆಟ್ಟ ಮೈ, ಮೇಲೆ ರಾತ್ರಿ ವಿಮಾನ, ಅದರ ಮೇಲೆ ‘ಇವತ್ತೇ ಆಗಬೇಕು’ ಎಂಬ ಒತ್ತಡ. ಮೊದಲ ರಾತ್ರಿ ಕೆಟ್ಟಿತೆಂದು ಆಮೇಲೆ ಬರುವ ಜೋಡಿಗಳಲ್ಲಿ ಬಹಳ ಮಂದಿಗೆ ಬೇರೇನೂ ತೊಂದರೆ ಇರುವುದಿಲ್ಲ, ದಣಿದಿರುತ್ತಾರೆ. ನಾಲ್ಕೈದು ವಾರ ಒಂದೇ ಮನೆಯಲ್ಲಿದ್ದು ಹೊರಟರೆ, ಯಾರು ಎಷ್ಟಕ್ಕೆ ಏಳುತ್ತಾರೆ, ಯಾರಿಗೆ ಫ್ಯಾನ್ ಬೇಕು ಎಂಬುದಾದರೂ ತಿಳಿದಿರುತ್ತದೆ.

ಸ್ವಿಟ್ಜರ್ಲೆಂಡಿನ ಬೆಟ್ಟದ ಕಡೆಯಿಂದ ನೋಡಿದರೂ ಮೇ ಮೊದಲ ವಾರ ಕೆಟ್ಟ ಕಾಲ. ಸ್ಕೀ ಸೀಸನ್ ಮುಗಿದು ಬೇಸಿಗೆ ಸೀಸನ್ ಶುರುವಾಗದ ನಡುಗಾಲ ಅದು. ವೆಂಗನ್, ಮ್ಯೂರನ್‌ನಂಥ ಹಳ್ಳಿಗಳಲ್ಲಿ ಎಷ್ಟೋ ಹೋಟೆಲು ಬಾಗಿಲು ಹಾಕಿರುತ್ತವೆ, ಕೆಲವು ಕೇಬಲ್ ಕಾರುಗಳು ವಾರ್ಷಿಕ ರಿಪೇರಿಗೆ ನಿಂತಿರುತ್ತವೆ, ಎತ್ತರದ ಕಾಲುದಾರಿಗಳಲ್ಲಿ ಹಿಮ ಕರಗಿರುವುದಿಲ್ಲ. ಪ್ಯಾರಿಸ್ಸಿನಲ್ಲಿ ಮೇ 1 ಮತ್ತು 8 ಸರ್ಕಾರಿ ರಜೆ. 1ರಂದು ದೊಡ್ಡ ಮ್ಯೂಸಿಯಮ್ಮುಗಳೂ ಮುಚ್ಚಿರುತ್ತವೆ. ಜೂನ್ ನಡುವಿಗೆ ಕಣಿವೆ ಹಸಿರು, ರಾತ್ರಿ ಒಂಬತ್ತರವರೆಗೂ ಬೆಳಕು.

ಹುಡುಗನ ತಾಯಿಯ ಆಕ್ಷೇಪ ಮಾರನೆಯ ದಿನವೇ ಅವನ ಫೋನಿನಲ್ಲಿ ಬಂತು: ‘ಆಷಾಢ ಬಂದ್ಬಿಡತ್ತಲ್ಲಪ್ಪಾ, ಹುಡುಗಿ ತವರಿಗೆ ಹೋಗ್ಬೇಕಲ್ವಾ?’ ತಮಾಷೆಯ ಮಾತಲ್ಲ ಅದು. ಪಂಚಾಂಗ ನೋಡಿ ಆಷಾಢಕ್ಕೆ ಒಂದು ವಾರ ಮುಂಚೆ ವಾಪಸಾಗುವ ಹಾಗೆ ದಿನ ಹಾಕಿ ಎಂದೆ. ಆಲ್ಪ್ಸ್‌ನ ಹಿಮಕ್ಕೂ ನಮ್ಮ ಆಷಾಢಕ್ಕೂ ನಡುವೆ ಇರುವ ಆ ಸಂದಿಯಲ್ಲಿ ಹತ್ತು ದಿನ ಹಿಡಿಸಿತು. ಮುಟ್ಟಿನ ಲೆಕ್ಕವನ್ನೂ ಅದರಲ್ಲೇ ಸೇರಿಸಿದಳು. ಮುಂದೂಡುವ ಮಾತ್ರೆಯ ಯೋಚನೆಯಿದ್ದರೆ ಸ್ತ್ರೀರೋಗ ತಜ್ಞರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಗೆಳತಿಯರನ್ನು ಕೇಳಿ ಅಲ್ಲ.

ಎರಡನೆಯದು, ಐದು ಹೋಟೆಲಿನ ಜಾಗದಲ್ಲಿ ಮೂರು. ಬೆಳಗ್ಗೆ ಹನ್ನೊಂದರ ಸುಮಾರಿಗೆ ರೂಮು ಬಿಡಬೇಕು, ಮುಂದಿನ ಊರಲ್ಲಿ ಮಧ್ಯಾಹ್ನ ಮೂರರ ಮೊದಲು ರೂಮು ಸಿಗುವುದಿಲ್ಲ. ಊರು ಬದಲಿಸಿದ ಪ್ರತಿ ದಿನವೂ ಇಬ್ಬರೂ ನಾಲ್ಕು ಗಂಟೆ ಮನೆಯಿಲ್ಲದವರು, ಬಾತ್‌ರೂಮೂ ಇಲ್ಲದವರು. ಇಂಟರ್‌ಲಾಕನ್‌ನಿಂದ ವೆನಿಸ್‌ಗೆ ರೈಲಿನಲ್ಲಿ ಹತ್ತಿರ ಹತ್ತಿರ ಆರು ಗಂಟೆ. ಅಲ್ಲಿ ಒಂದೇ ರಾತ್ರಿ ಎಂದರೆ ಸೂಟ್‌ಕೇಸ್ ಬಿಚ್ಚುವುದೂ ಬೇಡ.

ಬೆಟ್ಟ ಮೊದಲು, ನಗರ ಆಮೇಲೆ ಎಂಬುದು ನನ್ನ ಹಠ ಎಂದೇ ಇಟ್ಟುಕೊಳ್ಳಿ. ನಗರ ಮೊದಲಾದರೆ ಮೂರೂವರೆ ಗಂಟೆಯ ಸಮಯದ ವ್ಯತ್ಯಾಸ, ಜೇಬುಗಳ್ಳರ ಭಯ, ಮುಂಚಿತವಾಗಿ ಕೊಂಡ ಟಿಕೆಟ್ಟಿನ ಗಡಿಬಿಡಿ ಎಲ್ಲ ಮೊದಲ ದಿನವೇ ಮೈಮೇಲೆ. ಬೆಟ್ಟದಲ್ಲಿ ತಡವಾಗಿ ಎದ್ದರೆ ಏನೂ ಕಳೆದುಹೋಗುವುದಿಲ್ಲ. ಕೊನೆಗೆ ನಿಂತ ಪ್ಲಾನ್ ಇದು: ಮಲ್ಟಿ ಸಿಟಿ ಟಿಕೆಟ್ಟಿನಲ್ಲಿ ಜ್ಯೂರಿಕ್‌ಗೆ ಹೋಗಿ ಪ್ಯಾರಿಸ್‌ನಿಂದ ವಾಪಸ್. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲ್ವೆ ಸ್ಟೇಷನ್. ಅಲ್ಲಿಂದ ಲುಸರ್ನ್ ಒಂದು ಗಂಟೆ ಚಿಲ್ಲರೆ. ಅಲ್ಲಿ ಎರಡು ರಾತ್ರಿ. ಆಮೇಲೆ ಬೆಟ್ಟದ ಹಳ್ಳಿ ಲೌಟರ್‌ಬ್ರುನನ್‌ನಲ್ಲಿ ನಾಲ್ಕು ರಾತ್ರಿ, ಎರಡು ಕೋಣೆ ಮತ್ತು ಅಡುಗೆಮನೆ ಇರುವ ಅಪಾರ್ಟ್‌ಮೆಂಟಿನಲ್ಲಿ. ಬಾಸೆಲ್ ಮೂಲಕ ರೈಲಿನಲ್ಲಿ ಪ್ಯಾರಿಸ್‌ಗೆ ಆರು ಆರೂವರೆ ಗಂಟೆ, ಅಲ್ಲಿ ನಾಲ್ಕು ರಾತ್ರಿ. ಬಾಸೆಲ್‌ನಿಂದ ಪ್ಯಾರಿಸ್‌ನ ಟಿಜಿವಿ ಎಂಬ ವೇಗದ ರೈಲಿಗೆ ಸೀಟು ಕಾದಿರಿಸಲೇಬೇಕು, ಬೇಗ ಕೊಂಡಷ್ಟೂ ಅಗ್ಗ.

ಪ್ಲಾನ್ ಬದಲಾದರೆ ವೀಸಾ ಅರ್ಜಿಯ ದೇಶವೂ ಬದಲಾಗುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗನ್ ವೀಸಾವನ್ನು ಹೆಚ್ಚು ದಿನ ಇರುವ ದೇಶದಿಂದ ಪಡೆಯಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶದಿಂದ. ಮೊದಲಿನ ಪ್ಲಾನಿಗೆ ಪ್ಯಾರಿಸ್ ಮೂರು, ಇಟಲಿಯ ಎರಡೂ ಊರು ಸೇರಿ ಮೂರು: ಅದು ಫ್ರಾನ್ಸ್. ಹೊಸದಕ್ಕೆ ಸ್ವಿಟ್ಜರ್ಲೆಂಡ್ ಆರು ರಾತ್ರಿ. ಹಾಗಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮೊದಲೇ ಜಗಳ ಮುಗಿಸಿಕೊಳ್ಳಿ ಎಂದು ಹೇಳಬೇಕಾಯಿತು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡು ಹದಿನೈದು ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಎಳೆದರೆ ನಲವತ್ತೈದರವರೆಗೂ ಹೋಗುತ್ತದೆ. ವಿಮೆ ಕನಿಷ್ಠ 30,000 ಯೂರೋದ್ದು. ಮದುವೆಯಾಯಿತೆಂದು ಅವಳ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕಿಲ್ಲ. ಬದಲಿಸಲು ಹೊರಟರೆ ವಿಮಾನದ ಟಿಕೆಟ್, ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲದರಲ್ಲೂ ಹೆಸರು ತಾಳೆಯಾಗದೆ ಒದ್ದಾಟ.

ರೂಮು ಆರಿಸುವ ಕೆಲಸ ಅವಳಿಗೆ ಬಿಡಿ ಎಂದೆ. ಹೋಟೆಲಿಗೆ ಇಮೇಲಿನಲ್ಲಿ ಮೂರೇ ಪ್ರಶ್ನೆ: ಬಾತ್‌ರೂಮಿಗೆ ಪೂರ್ತಿ ಎತ್ತರದ, ಚಿಲಕವಿರುವ ಬಾಗಿಲಿದೆಯೇ, ರೂಮು ಎಷ್ಟು ಚದರ ಮೀಟರ್, ಲಿಫ್ಟ್ ಇದೆಯೇ. ಪ್ಯಾರಿಸ್ಸಿನ ಹಳೆ ಕಟ್ಟಡಗಳಲ್ಲಿ ಕಮೋಡಿನ ಕೋಣೆಯೇ ಬೇರೆ ಇರುವುದೂ ಉಂಟು, ಇವರಂಥವರಿಗೆ ಅದು ವರ. ಹೆಚ್ಚಿನ ಕಡೆ ನೀರಿನ ಜೆಟ್ ಇರುವುದಿಲ್ಲ. ಮೂತಿಯಿರುವ ಒತ್ತುವ ಪ್ಲಾಸ್ಟಿಕ್ ಬಾಟಲಿ ಒಂದನ್ನು ಇಟ್ಟುಕೊಳ್ಳಬೇಕು. ಸ್ವಿಸ್ ಹೋಟೆಲಿನ ‘ಡಬಲ್ ಬೆಡ್’ ಹೆಚ್ಚಾಗಿ ಪಕ್ಕಪಕ್ಕ ಜೋಡಿಸಿದ ಎರಡು ಹಾಸಿಗೆ, ಎರಡು ಬೇರೆ ಬೇರೆ ಹೊದಿಕೆ. ರೂಮು ತಪ್ಪು ಕೊಟ್ಟರೆಂದು ರಿಸೆಪ್ಷನ್ನಿನಲ್ಲಿ ಜಗಳ ತೆಗೆಯುವವರಿದ್ದಾರೆ. ಇವರಿಗೆ ಹಾಗೇ ಇರಲಿ ಬಿಡಿ ಎಂದೆ. ಹೊಸದಾಗಿ ಒಟ್ಟಿಗೆ ಮಲಗುವವರಿಗೆ ಅವರವರ ಹೊದಿಕೆ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಮುಖ್ಯ ಒಪ್ಪಂದ ‘ಬೆಳಗಿನ ಅರ್ಧ ಗಂಟೆ’ಯದು. ಅವನು ಏಳೂವರೆಗೆ ಕೆಳಗಿಳಿದು ಬೇಕರಿಯಿಂದ ಬ್ರೆಡ್ಡು ಕಾಫಿ ತರುವುದು, ಎಂಟಕ್ಕೆ ಮೊದಲು ಬಾಗಿಲು ತಟ್ಟಕೂಡದು. ಬೇಗ ಸಿಕ್ಕಿದರೆ ಅಲ್ಲೇ ನಿಂತು ಕುಡಿಯಲಿ. ಬ್ರೆಡ್ಡು ಚೀಸಿನ ಊಟ, ಕಡಿಮೆ ನೀರು, ಸಂಕೋಚ ಮೂರೂ ಸೇರಿಯೇ ಹೊಟ್ಟೆ ಕಟ್ಟುವುದು. ಇಸಬ್‌ಗೋಲ್ ಒಂದು ಪೊಟ್ಟಣ ಇರಲಿ. ಇನ್ನೊಂದನ್ನು ಅವಳಿಗೆ ಬೇರೆಯಾಗಿ ಹೇಳಿದೆ: ಕೂಡಿದ ಮೇಲೆ ಮೂತ್ರ ಮಾಡಿ ಮಲಗಬೇಕು, ನೀರು ಚೆನ್ನಾಗಿ ಕುಡಿಯಬೇಕು. ಹೊಸ ಮದುವಣಗಿತ್ತಿಯರಿಗೆ ಮೂತ್ರದ ಸೋಂಕು ಬರುವುದು ಅಪರೂಪವಲ್ಲ, ಅಲ್ಲಿ ಆಂಟಿಬಯಾಟಿಕ್ ನಮ್ಮ ಮೂಲೆ ಅಂಗಡಿಯ ಹಾಗೆ ಕೇಳಿದ ಕೂಡಲೇ ಕೈಗೆ ಬರುವುದಿಲ್ಲ. ಇಲ್ಲೇ ವೈದ್ಯರನ್ನು ಕಂಡು ಚೀಟಿಯೊಂದಿಗೆ ಒಯ್ಯಬೇಕು. ಇದನ್ನು ಅವನಿಗೂ ಹೇಳಬೇಕಿತ್ತೇನೋ ಎಂದು ಈಗ ಅನ್ನಿಸುತ್ತದೆ.

ಊಟದ ವಿಚಾರ ಬೇಗ ಮುಗಿಸುತ್ತೇನೆ. ಇಬ್ಬರೂ ಸಸ್ಯಾಹಾರಿಗಳು. ಕರಗಿಸಿದ ಚೀಸಿನ ಫಾಂಡ್ಯೂಗೆ ಬಿಳಿ ವೈನ್ ಹಾಕುತ್ತಾರೆ, ಪ್ಯಾರಿಸ್ಸಿನ ಈರುಳ್ಳಿ ಸೂಪಿನಲ್ಲಿ ಸಾಮಾನ್ಯವಾಗಿ ದನದ ಮೂಳೆಯ ರಸವಿರುತ್ತದೆ, ಸಾಂಪ್ರದಾಯಿಕ ಗ್ರುಯೇರ್ ಚೀಸು ಕರುವಿನ ಜಠರದ ಹೆಪ್ಪಿನದು. ಅಡುಗೆಮನೆ ಇದ್ದರೆ ಅಕ್ಕಿ ಕೊಂಡು ಸಾರಿನ ಪುಡಿಯಲ್ಲಿ ಕಾಲ ಹಾಕಬಹುದು. ತುಪ್ಪದ ಡಬ್ಬಿ ಬೇಡ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಭಾನುವಾರ ಸ್ವಿಟ್ಜರ್ಲೆಂಡಿನಲ್ಲಿ ಅಂಗಡಿಗಳು ಬಹುತೇಕ ಬಂದ್, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ.

ದುಡ್ಡಿನ ಮಾತಿಗೆ ಅವನೇ ಮರಳಿದ. ಮಾವನ ದುಡ್ಡಾದರೆ ಐದು ಊರು ತೋರಿಸಲೇಬೇಕು ಎಂಬ ಲೆಕ್ಕ ತಲೆಯಿಂದ ಹೋಗುವುದಿಲ್ಲ, ಅವಳಿಗೂ ‘ಬೇಡ’ ಅನ್ನಲು ಬಾಯಿ ಬರುವುದಿಲ್ಲ. ಇಬ್ಬರೂ ದುಡಿಯುತ್ತೀರಿ, ಅರ್ಧರ್ಧ ಹಾಕಿ, ಕೈಗೆ ಎಟುಕಿದಷ್ಟು ಹೋಗಿ ಎಂದೆ. ಪಾಸ್‌ಪೋರ್ಟ್, ಒಂದೊಂದು ಕಾರ್ಡ್, ಸಿಮ್ ಅವರವರ ಹತ್ತಿರವೇ ಇರಲಿ. ಪರ್ಸ್ ಹೋದರೆ ಇನ್ನೊಬ್ಬರ ಕಾರ್ಡಿದೆ, ‘ನಿನ್ನಿಂದಾಗಿ’ ಎಂಬ ಮಾತಿಗೂ ಎಡೆಯಿಲ್ಲ. ಹುಡುಗಿಯ ತಂದೆ ಎರಡು ದಿನ ಮುನಿಸಿಕೊಂಡರು.

ಯುಂಗ್‌ಫ್ರಾವ್‌ಯೋಖ್, ನಮ್ಮವರ ಬಾಯಲ್ಲಿ ಜಂಗ್‌ಫ್ರೌ, ಹೊಸ ಪ್ಲಾನಿನಲ್ಲೂ ಉಳಿದಿತ್ತು. ರೈಲಿನಲ್ಲಿ ಏರುವ ಹಿಮದ ತಾಣ, 3,454 ಮೀಟರ್ ಎತ್ತರ. 567 ಮೀಟರಿನ ಇಂಟರ್‌ಲಾಕನ್‌ನಿಂದ ಎರಡು ಗಂಟೆಯಲ್ಲಿ ಅಷ್ಟೆತ್ತರಕ್ಕೆ ಏರಿದರೆ ತಲೆನೋವು, ಸುತ್ತು ಬರುವವರಿದ್ದಾರೆ. ಬೇಸಿಗೆಯ ಪೂರ್ತಿ ದರ ಒಬ್ಬರಿಗೆ ಹೋಗಿಬರಲು ಇನ್ನೂರು ಫ್ರಾಂಕ್ ದಾಟುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ವೆಂಗನ್‌ವರೆಗೆ ಉಚಿತ, ಅಲ್ಲಿಂದ ಮೇಲೆ ಶೇ. 25 ಮಾತ್ರ ರಿಯಾಯಿತಿ. ಹಾಫ್ ಫೇರ್ ಕಾರ್ಡಿಗೆ ಅರ್ಧ ದರ. ಟಿಕೆಟ್ ಮೊದಲೇ ಕೊಳ್ಳಬೇಡಿ, ಬೆಳಗ್ಗೆ ಎದ್ದು ವೆಬ್‌ಕ್ಯಾಮ್ ನೋಡಿ, ಮೋಡವಿದ್ದರೆ ಮಲಗಿ ಎಂದಿದ್ದೆ.

ಕೊನೆಯ ಸೆಷನ್ನಿಗೆ ಬಂದಾಗ ಹಾಳೆಯಲ್ಲಿ ಒಂದು ಹೊಸ ಸಾಲು ಸೇರಿತ್ತು. ಲುಸರ್ನ್‌ನ ಎರಡನೇ ದಿನಕ್ಕೆ ಟಿಟ್ಲಿಸ್, ಆ ಕಡೆಯ ಇನ್ನೊಂದು ಹಿಮದ ಬೆಟ್ಟ. ಸೇರಿಸಿದ್ದು ಅವನೇ ಇರಬೇಕೆಂದು ಅವನ ಕಡೆ ನೋಡಿದೆ.

‘ನಾನೇ ಹಾಕಿದ್ದು ಮೇಡಂ’ ಎಂದಳು ಅವಳು. ‘ಟಿಟ್ಲಿಸ್ ಇರಲಿ, ಜಂಗ್‌ಫ್ರೌ ಬಿಡೋಣ ಅಂತಿದೀನಿ. ಎರಡೂ ಹಿಮವೇ ತಾನೆ. ಇದು ಅಗ್ಗ.’

‘ಜಂಗ್‌ಫ್ರೌ ಬಿಟ್ಟು ಯಾರಾದ್ರೂ ಬರ್ತಾರಾ?’ ಎಂದು ಅವನು ಶುರುಮಾಡಿದ. ಅವಳು ದರ ಬರೆದ ಚೀಟಿ ತೆಗೆದಳು. ಅವನು ಎತ್ತರದ ಲೆಕ್ಕ ಹೇಳಿದ: ಟಿಟ್ಲಿಸ್ಸಿನ ಮೇಲಿನ ನಿಲ್ದಾಣ ಮೂರು ಸಾವಿರದ ಚಿಲ್ಲರೆ ಮೀಟರ್ ಅಷ್ಟೆ, ಜಂಗ್‌ಫ್ರೌಗಿಂತ ನಾನೂರು ಕಡಿಮೆ. ಮುಗಿಯುವ ಹಾಗೆ ಕಾಣಲಿಲ್ಲ. ಸೆಷನ್ನಿನ ಹೊತ್ತು ಮುಗಿದಿತ್ತು, ಹೊರಗೆ ಬೇರೆಯವರು ಕಾಯುತ್ತಿದ್ದರು. ಇಬ್ಬರೂ ಅದನ್ನೇ ಮಾತಾಡಿಕೊಂಡು ಮೆಟ್ಟಿಲಿಳಿದರು.