ಜಮಾ ಆದ ಕಂತು, ಕೈಗೆ ಬಾರದ ಹಣ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದೆ.)

ಶಾಂತವ್ವನಿಗೆ 34, ಗಂಡ ಬಸಪ್ಪನಿಗೆ 41. ಉತ್ತರ ಕರ್ನಾಟಕದ ಹಳ್ಳಿ. ಆತ ಎಪಿಎಂಸಿಯಲ್ಲಿ ಹಮಾಲಿ, ಆಕೆ ಹೊಲದ ಕೂಲಿ. ಬಸವ ವಸತಿ ಯೋಜನೆಯಲ್ಲಿ ಶಾಂತವ್ವನ ಹೆಸರಿಗೆ ಮನೆ ಮಂಜೂರಾಗಿತ್ತು. ಬುನಾದಿ ಮುಗಿದು ಗೋಡೆ ಕಿಟಕಿ ಮಟ್ಟಕ್ಕೆ ಬಂದ ಮೇಲೆ ಕೆಲಸ ನಿಂತಿತು. ಗಂಡ ಹೆಂಡತಿಯ ಮಾತೂ ನಿಂತಿತು.

ನಮ್ಮ ಬಳಿ ಸಲಹೆಗೆ ಬಂದಾಗ ಬಸಪ್ಪನ ದೂರು ಒಂದೇ. "ಪಂಚಾಯ್ತಿ ಕಂಪ್ಯೂಟರ್‌ನ್ಯಾಗ ಮೂವತ್ತು ಸಾವಿರ ಜಮಾ ಅಂತ ತೋರಸ್ತೈತ್ರಿ. ಇಕಿ ಬಂದಿಲ್ಲ ಅಂತಾಳ. ತವರಿಗೆ ಕೊಟ್ಟಾಳ." ಶಾಂತವ್ವ ಪಾಸ್‌ಬುಕ್ ಮುಂದಿಟ್ಟಳು: "ನೀವ ನೋಡ್ರಿ ಮೇಡಂ, ನಾಕನೂರು ರೂಪಾಯಿ ಐತಿ." ಇದೇ ಜಗಳದಲ್ಲಿ ಒಮ್ಮೆ ಆತ ಕೈ ಎತ್ತಿದ್ದ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಬೇರೆಬೇರೆ ಕೂರಿಸಿ ಕೇಳಿದಾಗ ಶಾಂತವ್ವ ಹೇಳಿದ ಇನ್ನೊಂದು ಮಾತು ದಾರಿ ತೋರಿಸಿತು: ಗೃಹಲಕ್ಷ್ಮಿಯ ಎರಡು ಸಾವಿರವೂ ಕೆಲವು ತಿಂಗಳಿಂದ ಬಂದಿಲ್ಲ. ಸರ್ಕಾರವೇ ತಡ ಮಾಡಿದೆ ಎಂದುಕೊಂಡು ಆಕೆ ಸುಮ್ಮನಿದ್ದಳು. ಎರಡು ಬೇರೆ ಯೋಜನೆಯ ಹಣ ಒಟ್ಟಿಗೇ ನಿಂತರೆ ಮೊದಲು ಸಂಶಯ ಪಡಬೇಕಾದ್ದು ಆಧಾರ್ ಜೋಡಣೆಯ ಮೇಲೆ.

ಆಧಾರ್ ಆಧಾರಿತ ಪಾವತಿ ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಯನ್ನು ನೋಡುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಮೈಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ (ಅಂದರೆ ಈ ಜೋಡಣೆಯ) ಸ್ಥಿತಿ ತೆರೆದಾಗ ಊರಿನ ಗ್ರಾಮೀಣ ಬ್ಯಾಂಕಿನ ಹೆಸರೇ ಇರಲಿಲ್ಲ, ಒಂದು ಪೇಮೆಂಟ್ ಬ್ಯಾಂಕಿನ ಹೆಸರಿತ್ತು. ಸಿಮ್ ತೆಗೆದುಕೊಳ್ಳುವಾಗ ಬೆರಳೊತ್ತಿಸಿಕೊಂಡು ತೆರೆದ ಖಾತೆ ಅದು. ಶಾಂತವ್ವನಿಗೆ ಗೊತ್ತೇ ಇಲ್ಲ. ಮನೆಯ ಕಂತೂ ಗೃಹಲಕ್ಷ್ಮಿಯೂ ಅಲ್ಲಿಯೇ ಬಿದ್ದಿದ್ದವು. ಆ ಪರದೆಯನ್ನು ಬಸಪ್ಪನೇ ಓದುವಂತೆ ಮಾಡಿದೆವು. ಹೆಂಡತಿ ಹೇಳಿದ್ದನ್ನು ನಂಬದವನು ಪರದೆಯನ್ನು ನಂಬಿದ ಎಂಬುದು ಬೇರೆ ಮಾತು.

ಕೊಟ್ಟ ಸಲಹೆ

ಹಣದ ಕೆಲಸ ಮೊದಲು. ಆಧಾರ್, ಪಾಸ್‌ಬುಕ್ ಹಿಡಿದು ಗ್ರಾಮೀಣ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ಕೊಡಬೇಕು. ಅದರಲ್ಲಿ ಹಳೆಯ ಬ್ಯಾಂಕಿನ ಹೆಸರು ಬರೆದು, ಜೋಡಣೆ ಇಲ್ಲಿಗೆ ಬದಲಿಸಿ ಎಂದು ಗುರುತು ಹಾಕಬೇಕು. ಇಲ್ಲಿ ತಪ್ಪುವವರೇ ಹೆಚ್ಚು: ಖಾತೆಗೆ ಆಧಾರ್ ಸಂಖ್ಯೆ ಸೇರಿಸಿದರೆ ಆಯಿತು ಎಂದು ಕೌಂಟರಿನವರೂ ಹೇಳಿ ಕಳಿಸುತ್ತಾರೆ. ಅದು ಕೆವೈಸಿ, ಅಂದರೆ ಗುರುತಿನ ದಾಖಲೆ ಅಷ್ಟೇ, ಸೀಡಿಂಗ್ ಅಲ್ಲ. ತಾಣದಲ್ಲಿ ಹೊಸ ಬ್ಯಾಂಕಿನ ಹೆಸರು ಬಂದದ್ದನ್ನು ಕಣ್ಣಾರೆ ನೋಡುವವರೆಗೆ ಮುಂದಿನ ಕಂತಿಗೆ ಬೇಕಾದ ಮನೆಯ ಫೋಟೊ ತೆಗೆಸಬೇಡಿ ಎಂದೆವು. ಪೇಮೆಂಟ್ ಬ್ಯಾಂಕಿನಲ್ಲಿದ್ದ ಹಣವನ್ನು ಅದರ ಏಜೆಂಟ್ ಬಳಿ ಬೆರಳಚ್ಚು ಕೊಟ್ಟು ತೆಗೆಯಬಹುದು, ಇಲ್ಲವೇ ಗ್ರಾಮೀಣ ಬ್ಯಾಂಕಿನ ಖಾತೆಗೆ ವರ್ಗಾಯಿಸಬಹುದು. ರಸೀದಿ ಮಾತ್ರ ಇಟ್ಟುಕೊಳ್ಳಬೇಕು.

ಎರಡನೆಯ ಗಂಟು ಮನೆಯ ಅಳತೆಯದು, ನಿಜವಾದ ಸಂಕಟ ಇಲ್ಲೇ ಇತ್ತು. ಅನುದಾನ 1.20 ಲಕ್ಷ, ಬುನಾದಿ, ಗೋಡೆ, ಛಾವಣಿ, ಮುಕ್ತಾಯ ಎಂದು 30,000ದಂತೆ ನಾಲ್ಕು ಕಂತು. ಆಯಾ ಹಂತ ಮುಗಿದ ಮೇಲೆ ಪಂಚಾಯಿತಿಯವರು ಫಲಾನುಭವಿಯನ್ನು ಮನೆ ಮುಂದೆ ನಿಲ್ಲಿಸಿ ಜಿಪಿಎಸ್ ಫೋಟೊ ತೆಗೆದರೇ ಹಣ. ಅಂದರೆ ಮೊದಲ ಖರ್ಚು ಯಾವಾಗಲೂ ಕೈಯಿಂದಲೇ. ಬಸಪ್ಪ ಅಣ್ಣನ ಮನೆಯ ಹಾಗೆ ಇರಲೆಂದು 24×30 ಅಡಿ, ಅಂದರೆ 720 ಚದರಡಿಗೆ ಬುನಾದಿ ಹಾಕಿಸಿದ್ದ. ಅದಕ್ಕೆ ತಂದ ಕೈಸಾಲ ಒಂದೂವರೆ ಲಕ್ಷ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 4,500. ಏಳು ತಿಂಗಳು ಕೆಲಸ ನಿಂತರೆ ಬಡ್ಡಿಯೇ 31,500, ಒಂದು ಕಂತಿಗಿಂತ ಜಾಸ್ತಿ. ಈ ಲೆಕ್ಕ ಹಾಳೆಯ ಮೇಲೆ ಬರೆದಾಗ ಆತ ಬಹಳ ಹೊತ್ತು ಮಾತಾಡಲಿಲ್ಲ.

ಇದ್ದ ಬುನಾದಿಯ ಮೇಲೆ ಒಂದು ಕೋಣೆ, ಅಡುಗೆಮನೆ, ಶೌಚಾಲಯ ಸೇರಿ 300 ಚದರಡಿ ಮಾತ್ರ ಈಗ ಏರಿಸಿ, ಉಳಿದದ್ದನ್ನು ಮಣ್ಣು ತುಂಬಿ ಬಿಡಿ ಎಂದೆವು. ನಾಲ್ಕು ಇಂಚಿನ ಸ್ಲ್ಯಾಬಿಗೆ 720 ಚದರಡಿಯಾದರೆ ಸುಮಾರು 54 ಚೀಲ ಸಿಮೆಂಟ್ ಬೇಕು. 300ಕ್ಕೆ 23 ಚೀಲ ಸಾಕು, ಕಬ್ಬಿಣ ಕಾಲು ಟನ್. ಮುಂದೆ ಬೆಳೆಸಲು ಹೊರಗೆ ಬಿಟ್ಟ ಕಂಬಿಗಳಿಗೆ ಸಿಮೆಂಟ್ ನೀರು ಬಳಿಯದಿದ್ದರೆ ಎರಡು ಮಳೆಗೆ ತುಕ್ಕು ತಿನ್ನುತ್ತದೆ. ಅಳತೆ ಕಡಿಮೆ ಮಾಡುವ ಮೊದಲು ಪಿಡಿಒ ಅವರನ್ನು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಜಾಗ ಮಾತ್ರ ಬದಲಿಸುವಂತಿಲ್ಲ: ಬುನಾದಿಯ ಜಿಪಿಎಸ್ ಗುರುತಿಗೂ ಗೋಡೆಯದಕ್ಕೂ ಹೊಂದದಿದ್ದರೆ ಕಂತು ತಡೆಯುತ್ತದೆ. ಕೆಲಸ ಹೆಚ್ಚು ಕಾಲ ನಿಂತರೆ ಮನೆ ಬ್ಲಾಕ್ ಆಗುವ, ಅಂದರೆ ಕಂತು ತಡೆಹಿಡಿಯುವ ಭಯವೂ ಇದೆ. ಹಾಗಾದರೆ ತೆರವಿನ ಕೋರಿಕೆ ಪಂಚಾಯಿತಿಯಿಂದ ತಾಲ್ಲೂಕು ಪಂಚಾಯಿತಿಗೆ, ಅಲ್ಲಿಂದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮಕ್ಕೆ ಅಲೆಯಬೇಕು.

ಉದ್ಯೋಗ ಖಾತರಿಯಲ್ಲಿ ಸ್ವಂತ ಮನೆ ಕಟ್ಟಲು ಸಿಗುವ 90 ಮಾನವ ದಿನಗಳ ಕೂಲಿಯನ್ನು ಇವರು ಕೇಳಿಯೇ ಇರಲಿಲ್ಲ. 2025-26ರಲ್ಲಿ ದಿನದ ದರ 370 ರೂಪಾಯಿ ಇತ್ತು. ಆ ದರದಲ್ಲಿ ಪೂರ್ತಿ ಸಿಕ್ಕರೆ 33,300. ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ಕೆಲಸಕ್ಕೆ ಮೊದಲೇ ತೆಗೆಯಬೇಕು, ಕಳೆದ ದಿನಕ್ಕೆ ತೆಗೆಯುವುದಿಲ್ಲ. ಬುನಾದಿಯ ದಿನಗಳು ಹೋದವು. ಗೋಡೆ, ಛಾವಣಿಯ ಪಾಲಿಗಾದರೂ ಜಾಬ್ ಕಾರ್ಡ್ ಹಿಡಿದು ನಮೂನೆ 6ರಲ್ಲಿ ಕೆಲಸ ಕೇಳಿ, ರಸೀದಿ ಪಡೆಯಲು ಹೇಳಿದೆವು.

ಕೈ ಎತ್ತಿದ್ದನ್ನು ಈ ಲೆಕ್ಕದೊಳಗೆ ಸೇರಿಸಲಿಲ್ಲ. ಹಣ ಸಿಕ್ಕಿತು, ಮರೆತುಬಿಡಿ ಎನ್ನುವುದು ಸಲಹೆಯಲ್ಲ. ಮತ್ತೆ ಹಾಗಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ ಎಂಬುದನ್ನು ಬಸಪ್ಪನ ಎದುರಿಗೇ ಶಾಂತವ್ವನಿಗೆ ಹೇಳಿದೆವು. ಮಂಜೂರಾತಿ ಮನೆಯ ಹೆಣ್ಣಿನ ಹೆಸರಿಗೇ ಬರುವುದು ಇಂಥ ಯೋಜನೆಗಳ ರೀತಿ, ಸೊಸೆ ಹೂಡಿದ ಆಟವಲ್ಲ ಎಂಬುದನ್ನು ಅತ್ತೆಗೂ ಬಿಡಿಸಿ ಹೇಳಬೇಕಾಯಿತು.

ಪೇಮೆಂಟ್ ಬ್ಯಾಂಕಿನಲ್ಲಿ ಸಿಕ್ಕ 30,000 ಸಾಲದ ಅಸಲಿಗೆ ಹೋಯಿತು. ತಿಂಗಳ ಬಡ್ಡಿ 3,600ಕ್ಕೆ ಇಳಿಯಿತು. ಸಾಲ ಕೊಟ್ಟವನಿಂದ ಚೀಟಿಯ ಮೇಲೆ ಬರೆಸಿಕೊಂಡದ್ದು ಶಾಂತವ್ವ. ಗೃಹಲಕ್ಷ್ಮಿಯ ಬಾಕಿ ಆಕೆಯ ಬಳಿಯೇ ಉಳಿಯಿತು. ಮುಂದಿನ ಭೇಟಿಗೆ ಎನ್‌ಎಂಆರ್ ಪ್ರತಿ, ಗೋಡೆಯ ಫೋಟೊ ತೆಗೆದ ದಿನಾಂಕ, ಸಿಮೆಂಟಿನ ಬಿಲ್ಲು ತರಲು ಇಬ್ಬರಿಗೂ ಹೇಳಲಾಗಿದೆ.